ಚಾವಡಿ ಗೋಡೆಗೆ ತೂಗಿದ ಗೊಟ್ಟ

ಗೋಡೆಗೆ ಮೊಳೆ ಹೊಡೆಯುವುದು ಸುಲಭ. ಆ ಮೊಳೆಗೆ ಯಾರನ್ನು ಏರಿಸಬೇಕು ಎಂದು ತೀರ್ಮಾನಿಸುವುದು ಕಷ್ಟ. ಇದು ನಾನು ಓದಿ ತಿಳಿದದ್ದಲ್ಲ. ನನ್ನ ತವರೂರು ಬಾಗಲವಾಡದ ಶಾಲೆಯಲ್ಲಿ ನಾನು ಓದಿದ್ದೇ ನಾಲ್ಕನೆಯ ತರಗತಿಯವರೆಗೆ. ಮೇಷ್ಟ್ರು ಪ್ರಶ್ನೆ ಕೇಳಿದಾಗಲೆಲ್ಲ ಮುಂದೆ ಕುಳಿತವಳ ಜಡೆಯ ಹಿಂದೆ ಅಡಗಿಯೇ ಪಾಸಾದವಳು. ನಾಲ್ಕು ಜನರ ಮುಂದೆ ಬಾಯಿ ತೆರೆಯಲು ನನಗೆ ಇಂದಿಗೂ ನಾಚಿಕೆ. ಕಾಗದದ ಮುಂದೆ ಅಷ್ಟಿಲ್ಲ, ಅದು ತಿರುಗಿ ನೋಡುವುದಿಲ್ಲವಲ್ಲ. ಅದಕ್ಕೇ ಮೊನ್ನೆ ಊಟಕ್ಕೆ ಕುಳಿತಾಗ ನೀವು ಮೊಮ್ಮಕ್ಕಳೆಲ್ಲ ಆಡಿದ ಜಗಳಕ್ಕೆ ಉತ್ತರವನ್ನು ಬರೆದೇ ಕೊಡುತ್ತಿದ್ದೇನೆ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟವಂತೆ. ಅದರಲ್ಲಿ ಮದ್ದು ತೆಗೆದುಕೊಂಡು ಚೆಂಡು ಬಡಿದವರನ್ನು ಗೆದ್ದವರ ಸಾಲಿನಲ್ಲಿ ಗೋಡೆಗೆ ಏರಿಸಬೇಕೋ ಬೇಡವೋ ಎಂದು ಕೂಗಾಡಿ ನನ್ನ ಬಿಸಿ ಸಾರನ್ನು ತಣ್ಣಗೆ ಮಾಡಿದಿರಿ. ಮಕ್ಕಳೇ, ಈ ವ್ಯಾಜ್ಯ ನಮ್ಮೂರ ಚಾವಡಿಯಲ್ಲಿ ಎಂದೋ ತೀರಿಹೋಗಿದೆ. ನಮ್ಮ ಕಡೆ ಮದ್ದು ಕುಡಿದವರಿಗೆ ನಾಲ್ಕು ಕಾಲಿದ್ದವು, ಅಷ್ಟೇ ವ್ಯತ್ಯಾಸ.

ಎಪ್ಪತ್ತರ ದಶಕದ ಮಾತು. ಮಾನ್ವಿ ಕಡೆಯ ನಮ್ಮೂರಿಗೆ ನಾನಿನ್ನೂ ಹೊಸ ಸೊಸೆ. ಊರ ಚಾವಡಿಯ ಒಂದು ಗೋಡೆ ಗೆದ್ದವರಿಗೇ ಮೀಸಲಾಗಿತ್ತು. ಗುಂಡುಕಲ್ಲು ಎತ್ತಿದ ನನ್ನ ಮಾವನವರ ಫೋಟೋ ಅಲ್ಲಿತ್ತು. ಅವರು ತೀರಿಕೊಂಡಿದ್ದರೂ ಮೀಸೆ ಮಾತ್ರ ಗೋಡೆಯ ಮೇಲೆ ಜೀವಂತವಾಗಿತ್ತು. ಅವರ ಪಕ್ಕದಲ್ಲಿ ಒಂದು ಖಾಲಿ ಮೊಳೆ. ನಿಮ್ಮ ತಾತನಿಗೆ ಆ ಮೊಳೆಯ ಮೇಲೆ ಕಣ್ಣು. ಆದರೆ ಅವರು ಗುಂಡು ಎತ್ತುವ ಪೈಕಿಯಲ್ಲ; ಹಾಸಿಗೆ ಸುತ್ತಿಡುವುದಕ್ಕೂ ನನ್ನನ್ನೇ ಕರೆಯುವವರು. ಹಾಗಾಗಿ ಮನೆತನದ ಕೀರ್ತಿಯ ಭಾರವನ್ನು ಕೆಂಚ, ಬಿಳಿಯ ಎಂಬ ನಮ್ಮ ಎತ್ತುಗಳ ಹೆಗಲಿಗೆ ದಾಟಿಸಿದ್ದರು.

ಆ ವರ್ಷ ಕಾರಹುಣ್ಣಿಮೆಯ ಕಲ್ಲು ಎಳೆಯುವ ಪಂದ್ಯದಲ್ಲಿ ನಮ್ಮ ಜೋಡಿ ದೇವದುರ್ಗದ ಸಾಬಣ್ಣನ ಜೋಡಿಯನ್ನು ಸೋಲಿಸಿಬಿಟ್ಟಿತು. ರಾಯಚೂರಿನಿಂದ ಬಂದಿದ್ದ ಫೋಟೋದವನು ಚಿತ್ರ ತೆಗೆದ. ಎರಡು ಎತ್ತು, ನಾಲ್ಕು ಕೊಂಬು ಹಿಡಿಸುವಷ್ಟರಲ್ಲಿ ಜಾಗವೇ ಮುಗಿದು, ನಿಮ್ಮ ತಾತನ ರುಮಾಲಿನ ತುದಿಯಷ್ಟೇ ಅದರಲ್ಲಿ ಬಂತು. ಆದರೂ ಅವರು ಅದಕ್ಕೆ ಗಾಜು ಹಾಕಿಸಿ, ರಾಯಚೂರಿನಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದರು. ನಮ್ಮ ಮದುವೆಯ ಫೋಟೋ ಬಂದದ್ದು ಚೀಲದಲ್ಲಿ, ಉಳ್ಳಾಗಡ್ಡಿಯ ಕೆಳಗೆ. ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡಿಲ್ಲ, ಸುಮ್ಮನೆ ನೆನಪಾಯಿತು.

ಫೋಟೋ ಏರಿಸುವ ದಿನ ಊರೆಲ್ಲ ಚಾವಡಿಯಲ್ಲಿ ಸೇರಿತ್ತು. ತಾತ ಇನ್ನೇನು ಮೊಳೆಗೆ ಕೈ ಚಾಚಬೇಕು, ಸಾಬಣ್ಣ ನುಗ್ಗಿ ಬಂದ.

"ತಡೀರಿ ಗೌಡ್ರ! ಆ ಎತ್ತು ಸ್ವಂತ ಬಲದಾಗ ಎಳದಿಲ್ಲ. ಗೊಟ್ಟದಾಗ ಸೇಂದಿ ಹಾಕ್ಯಾರ!"

ಸೇಂದಿ ಎಂದರೆ ಹೆಂಡ. ಗೊಟ್ಟ ನಿಮಗೆ ಗೊತ್ತಿರಲಿಕ್ಕಿಲ್ಲ. ಬಾಯಿ ಓರೆಯಾಗಿ ಕತ್ತರಿಸಿದ ಬಿದಿರಿನ ಕೊಳವೆ. ಕಾರಹುಣ್ಣಿಮೆಗೆ ತತ್ತಿ, ಒಳ್ಳೆಣ್ಣೆ, ಅರಿಶಿನ, ಬೆಲ್ಲ ಕಲಸಿ, ಎತ್ತಿನ ಮೂತಿ ಮೇಲೆತ್ತಿ, ಆ ಕೊಳವೆಯಿಂದ ಗಂಟಲಿಗೆ ಸುರಿಯುವುದು ನಮ್ಮ ಪದ್ಧತಿ. ನಮ್ಮ ಮನೆಯಲ್ಲಿ ಕಲಸುವವರು ಅತ್ತೆ, ಸುರಿಯುವವರು ತಾತ, ಆಮೇಲೆ ಗೊಟ್ಟ ತೊಳೆಯುವವಳು ನಾನು. ನ್ಯಾಯ ಹೇಳುವ ಊರ ಗೌಡರು ಮೂವರನ್ನೂ ಮುಂದೆ ಕರೆದರು. ನಾನು ಸೆರಗು ಮೂಗಿನ ತನಕ ಎಳೆದು ಅತ್ತೆಯ ಬೆನ್ನ ಹಿಂದೆ ನಿಂತೆ.

"ಯವ್ವಾ, ಖರೇ ಹೇಳ್ರಿ. ಸೇಂದಿ ಹಾಕಿದ್ರೇನು?" ಎಂದರು ಗೌಡರು.

"ಹಾಕೀನಿ. ತತ್ತಿ ಅರಗಬ್ಯಾಡೇನು?" ಎಂದರು ಅತ್ತೆ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ಅಲ್ಲಿ ಗ್ವಾಡಿ ಮ್ಯಾಲ ಕುಂತಾನಲ್ಲ ನನ್ನ ಗಂಡ, ಗುಂಡು ಎತ್ತೋ ದಿನ ಅವಂಗೂ ಕುಡಿಸಿದ್ದೆ. ಗೊಟ್ಟದಾಗಲ್ಲ, ಚೊಂಬಿನಾಗ."

ಇಡೀ ಚಾವಡಿ ಮಾವನವರ ಮೀಸೆಯನ್ನು ಹೊಸದಾಗಿ ನೋಡಿತು.

"ಹಂಗಾರ ಅದನ್ನೂ ಇಳಸ್ರಿ!" ಎಂದ ಸಾಬಣ್ಣ.

ನಿಮ್ಮ ತಾತನ ಮುಖ ಸುಣ್ಣವಾಯಿತು. ಎತ್ತು ಏರಿಸಲು ಬಂದವರು ಅಪ್ಪನನ್ನು ಇಳಿಸಿಕೊಂಡು ಹೋಗುವ ಪರಿಸ್ಥಿತಿ. ಫೋಟೋವನ್ನು ಎದೆಗೆ ಅವಚಿಕೊಂಡು, "ಎತ್ತಿಂದು ಬ್ಯಾಡಂದ್ರ ಬ್ಯಾಡ ಬಿಡ್ರಿ. ನಮ್ಮಪ್ಪನ್ನ ಮಾತ್ರ ಮುಟ್ಟಬ್ಯಾಡ್ರಿ" ಎಂದರು. ಅವರು ಹಾಗೆ ಬೇಡಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೌಡರು ತಲೆ ತುರಿಸಿಕೊಂಡರು. "ಸೇಂದಿಯಿಂದ ಬಲ ಬರ್ತದೋ, ಬರೇ ಅರಗತದೋ, ಪರೀಕ್ಷಾ ಮಾಡ್ಲಾರ್ದ ಹ್ಯಾಂಗ ಹೇಳಾಕಾಗ್ತದ? ಆವತ್ತಿನಂಗ ಕಲಸಿ ತರ್ರಿ."

ಅತ್ತೆ ಒಂದು ಗಡಿಗೆ ಕಲಸಿದರು. ಗೌಡರು ಒಂದು ಬಟ್ಟಲು ಕುಡಿದು, ಕಣ್ಣು ಮುಚ್ಚಿ ವಿಚಾರ ಮಾಡಿ, "ಇನ್ನಾ ಗೊತ್ತಾಗವಲ್ದು" ಎಂದು ಬಟ್ಟಲು ಚಾಚಿದರು. ನ್ಯಾಯಕ್ಕೆ ಕುಳಿತ ಹಿರಿಯರಿಗೂ ಗೊತ್ತಾಗಬೇಕಲ್ಲ, ಅವರೂ ಚಾಚಿದರು. ಗಡಿಗೆಯ ತಳ ಕಂಡ ಮೇಲೆ ಗೌಡರು ಎದ್ದು, "ಬಲಾ ಗಿಲಾ ಏನಿಲ್ಲ, ಬರೇ ಅರಗಸ್ತದ" ಎಂದು ತೀರ್ಪು ಕೊಟ್ಟು, ಚಾವಡಿಯ ಮೆಟ್ಟಿಲನ್ನು ದುಡುದುಡು ಇಳಿದುಬಿಟ್ಟರು.

"ಗೌಡ್ರ, ನಿಮ್ಮ ಕೋಲು!" ಎಂದು ಸಾಬಣ್ಣ ಕೂಗಿದ.

ಸೊಂಟನೋವಿನ ಗೌಡರು ಎಷ್ಟೋ ವರ್ಷದಿಂದ ಕೋಲಿಲ್ಲದೆ ಹೆಜ್ಜೆ ಎತ್ತಿಟ್ಟವರಲ್ಲ. ಸಾಬಣ್ಣ ಆ ಕೋಲನ್ನು ಊರಿಗೆಲ್ಲ ಎತ್ತಿ ತೋರಿಸಿದ. "ನೋಡ್ರೆಪ್ಪಾ, ಬಲ ಇಲ್ಲಂತ!"

ಅತ್ತೆ ಬಿಡುತ್ತಾರೆಯೇ? "ಎಲೇ ಸಾಬ್ಯಾ, ನಿನ್ನ ಎತ್ತಿಗೆ ಏನ್ ಹಾಕಿದ್ದಿ?"

"ತತ್ತಿ... ಒಳ್ಳೆಣ್ಣಿ..."

"ಮತ್ತ?"

"ಸ್ವಲ್ಪ ಬ್ರಾಂದಿ," ಎಂದ ಸಾಬಣ್ಣ ನೆಲ ನೋಡುತ್ತ. "ರಾಯಚೂರಿಂದ ತರಿಸಿದ್ದೆ."

"ಬ್ರಾಂದಿ ಕುಡಿಸೀ ಸೋತ್ಯಾ? ಥೂ ನಿನ್ನ! ನಿನ್ನ ಎತ್ತಿಗೆ ಕುಡಿಯಾಕೂ ಬರಂಗಿಲ್ಲ!"

ಚಾವಡಿ ನಕ್ಕು ನಕ್ಕು ಸುಸ್ತಾಯಿತು. ಆದರೆ ವ್ಯಾಜ್ಯ ಇದ್ದಲ್ಲೇ ಇತ್ತು. ಗೌಡರು ಕೋಲಿಗಾಗಿ ನಾಚಿಕೊಂಡು ಹಿಂದಿರುಗಿ, "ಏರಿಸಿದ್ರ ಸುಳ್ಳು ಹೇಳಿದಂಗ ಆಗ್ತದ. ಇಳಿಸಿದ್ರ ಗ್ವಾಡೀನ ಖಾಲಿ ಆಗ್ತದ. ಏನ್ ಮಾಡಾಣ?" ಎಂದರು.

ತಾತ ಆ ಫೋಟೋವನ್ನು ಹಿಡಿದು ನಿಂತ ರೀತಿ ನನ್ನಿಂದ ನೋಡಲಾಗಲಿಲ್ಲ. ಅತ್ತೆಯ ಸೆರಗು ಜಗ್ಗಿ ಕಿವಿಯಲ್ಲಿ ಪಿಸುಗುಟ್ಟಿದೆ. "ಅತ್ತೀ, ಫೋಟೋದ ಬಾಜೂ ಗೊಟ್ಟಾನೂ ತೂಗುಹಾಕಿದ್ರ ಹ್ಯಾಂಗ? ನೋಡಿದವ್ರಿಗೆ ಎರಡೂ ಕಾಣ್ತಾವ."

ಅತ್ತೆ ಗಂಟಲು ಸರಿಮಾಡಿಕೊಂಡು, "ನನಗೊಂದು ಹೊಳದದ!" ಎಂದು ಊರಿಗೆಲ್ಲ ಸಾರಿದರು. ಎಲ್ಲರೂ ಒಪ್ಪಿದರು. ಸಾಬಣ್ಣನೇ ಮುಂದೆ ಬಂದು ಇನ್ನೆರಡು ಮೊಳೆ ಹೊಡೆದ. ಎತ್ತುಗಳ ಪಕ್ಕ ಗೊಟ್ಟ, ಮಾವನವರ ಪಕ್ಕ ಒಂದು ಚೊಂಬು. ಬಂದುಹೋದವರೆಲ್ಲ ಫೋಟೋ ನೋಡಿ ಶಭಾಷ್ ಎನ್ನುತ್ತಿದ್ದರು, ಗೊಟ್ಟ ನೋಡಿ ಓಹೋ ಎನ್ನುತ್ತಿದ್ದರು, ಆಮೇಲೆ ನಮ್ಮ ಮನೆಗೆ ಬಂದು ಅತ್ತೆಯ ಹತ್ತಿರ ಕಲಸುವ ಅಳತೆ ಕೇಳುತ್ತಿದ್ದರು. ಊರು ಅತ್ತೆಯ ಬುದ್ಧಿಯನ್ನು ಹಾಡಿ ಹೊಗಳಿತು. ಗೋಡೆಗೇರಿದ ಆ ಹಿತ್ತಾಳೆ ಚೊಂಬು ಮಾತ್ರ ನನ್ನ ತವರಿನದು.

ಹಾಗಾಗಿ ನಿಮ್ಮ ಅಮೆರಿಕದವರಿಗೂ ನನ್ನದು ಅದೇ ಉತ್ತರ. ಚೆಂಡು ಬಡಿದದ್ದು ಖರೆ, ಫೋಟೋ ಏರಿಸಲಿ. ಸೂಜಿ ಚುಚ್ಚಿಕೊಂಡದ್ದೂ ಖರೆ, ಪಕ್ಕದಲ್ಲೇ ಸೂಜಿಯನ್ನೂ ತೂಗುಹಾಕಲಿ. ಇನ್ನು, ನಾಚಿಕೆಯ ಅಜ್ಜಿ ಎಷ್ಟು ಧೈರ್ಯವಾಗಿ ಬರೆದಳು ಎಂದು ನೀವು ಮೆಚ್ಚುವ ಮೊದಲು ಒಂದು ಮಾತು. ಶುಂಠಿ ಜಜ್ಜಿ ಹಾಕಿದ ಗಟ್ಟಿ ಚಹಾ ಇಲ್ಲದೆ ನನಗೆ ಒಂದು ಸಾಲೂ ಹೊಳೆಯುವುದಿಲ್ಲ. ಡಾಕ್ಟರು ಬೇಡವೆಂದ ಸಕ್ಕರೆಯೂ ಅದರಲ್ಲಿ ಧಾರಾಳವಾಗಿದೆ. ಮುಂದೆ ಎಂದಾದರೂ ಮನೆಯ ಗೋಡೆಯಲ್ಲಿ ತಾತನ ಫೋಟೋದ ಪಕ್ಕದ ಮೊಳೆಗೆ ನನ್ನನ್ನೂ ಏರಿಸುತ್ತೀರಲ್ಲ, ಆಗ ಆ ಚಹಾದ ಲೋಟವನ್ನೂ ತೂಗುಹಾಕಿ. ಕಿವಿ ಮುರಿದ ಹಳೆಯ ಕಪ್ಪಾದರೂ ಸಾಕು. ಒಳ್ಳೆಯ ಪಾತ್ರೆಗಳನ್ನು ಗೋಡೆಗೆ ಕೊಡಬಾರದು ಎಂಬ ಬುದ್ಧಿ ನನಗೆ ಚೊಂಬು ಹೋದ ದಿನವೇ ಬಂದಿದೆ.