ದೊಡ್ಡಪ್ಪನ ತಪ್ಪುಕಾಣಿಕೆ

ನಮ್ಮ ದೊಡ್ಡಪ್ಪ ಯಾರ ಮನೆಗಾದರೂ ಹೋಗಿ "ಮೈಯಾಗೆ ಹುಷಾರೈತಾ?" ಎಂದು ಕೇಳಿದರೆ ಆ ಮನೆಯವರೆಲ್ಲ ಬೆವರುತ್ತಿದ್ದರು! ಕಾಯಿಲೆ ಬಿದ್ದವರಂತೂ ಅವರ ಚಪ್ಪಲಿಯ ಸದ್ದಿಗೇ ಎದ್ದು ಕೂತು ಮುದ್ದೆ ಕೇಳುತ್ತಿದ್ದರು. ಸೋಲೂರಿನ ಡಾಕ್ಟರುಗಳಿಗಿಂತ ಹೆಚ್ಚು ಜನರನ್ನು ಗುಣಪಡಿಸಿದ್ದು ಇವರೇ ಎಂದು ಊರಿನಲ್ಲಿ ತಮಾಷೆ. ಅವರು ಹೋಗಿ ತಿಂಗಳಾಯಿತು. ಈಗ ನಮ್ಮ ಆರೋಗ್ಯದ ಬಗ್ಗೆ ನಮಗೇ ನಂಬಿಕೆಯಿಲ್ಲ.

ಜನ ಹೆದರುತ್ತಿದ್ದುದಕ್ಕೆ ಕಾರಣವಿದೆ. ನಮ್ಮ ಕಡೆ ಹೊಲ ಇದ್ದವರನ್ನು ಅವರವರ ಹೊಲದ ಮೂಲೆಯಲ್ಲೇ ಮಣ್ಣು ಮಾಡುತ್ತಾರೆ. ಹೊಲ ಇಲ್ಲದವನು ಸತ್ತರೆ? ಅಂಥವರಿಗೆಂದೇ ನಮ್ಮ ತಾತ ರಸ್ತೆ ಬದಿಯ ಒಂದು ತುಂಡು ನೆಲವನ್ನು ಟ್ರಸ್ಟ್ ಮಾಡಿಟ್ಟು ಹೋಗಿದ್ದರು. ಬೇರೆ ಟ್ರಸ್ಟಿಗಳು ಸಭೆಗೆ ಬಂದು ಬೋಂಡ ತಿಂದು ಹೋಗುತ್ತಿದ್ದರು. ಮಕ್ಕಳಿಲ್ಲದ ದೊಡ್ಡಪ್ಪ ಮಾತ್ರ ಯಾರು ಸತ್ತರೂ ಹಾರೆ ಹಿಡಿದು ತಾವೇ ಗುಂಡಿ ತೋಡುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಆ ರಸ್ತೆಗುಂಟ ಕಾರ್ಖಾನೆಗಳು ಎದ್ದವು. ಒಬ್ಬ ಕಾರ್ಖಾನೆಯವನಿಗೆ ನಮ್ಮ ತುಂಡೇ ಬೇಕಾಯಿತು. ಬದಲಿಗೆ ಊರಾಚೆ ಇನ್ನೂ ದೊಡ್ಡ ಜಾಗ, ಸುತ್ತ ಕಾಂಪೌಂಡು ಕೊಡುತ್ತೇನೆಂದ. ಮೊದಲು ಒಪ್ಪಿದವರು ಇನ್ನೊಬ್ಬ ಟ್ರಸ್ಟಿಯಾಗಿದ್ದ ನಮ್ಮಪ್ಪ, ಅಂದರೆ ದೊಡ್ಡಪ್ಪನ ಒಡಹುಟ್ಟಿದ ತಮ್ಮ.

"ಮಲಗಿರೋರನ್ನ ಏಳ್ಸಕ್ಕೆ ನೀನ್ಯಾವನ್ಲಾ?" ಎಂದರು ದೊಡ್ಡಪ್ಪ.

ಉಳಿದ ಟ್ರಸ್ಟಿಗಳು ಸೇರಿ ಅವರನ್ನು ಟ್ರಸ್ಟಿನಿಂದಲೇ ತೆಗೆದುಹಾಕಿದರು. ವ್ಯಾಜ್ಯ ಕೋರ್ಟಿಗೆ ಹೋಯಿತು. ತೀರ್ಪು ಬರುವವರೆಗೆ ಆ ನೆಲಕ್ಕೆ ಯಾರೂ ಹಾರೆ ಹಾಕಬಾರದೆಂದು ಅಪ್ಪ ಆಜ್ಞೆ ತಂದರು.

ಸಾವು ಆಜ್ಞೆ ಕೇಳುತ್ತದೆಯೇ? ಮರುವಾರವೇ ಕಾರ್ಖಾನೆಯ ಕೂಲಿಯೊಬ್ಬ ಗೋಡೆ ಬಿದ್ದು ಸತ್ತ. ದೊಡ್ಡಪ್ಪ ಹಾರೆ ಹೆಗಲಿಗಿಟ್ಟು ನಡೆದರು. ಅಪ್ಪ ನ್ಯಾಯಾಲಯ ನಿಂದನೆಯ ಅರ್ಜಿ ಹಾಕಿದರು.

ಕೋರ್ಟಿನ ಅಮೀನ ನೋಟಿಸು ಹಿಡಿದು ಬಂದ ದಿನವೂ ಅಲ್ಲೊಂದು ಹೆಣ! ಹೊರಲು ಮೂರೇ ಜನ.

"ಒಸಿ ಈ ಕಡೆ ಹೆಗಲು ಕೊಡಪ್ಪ, ಆಮೇಲೆ ನಿನ್ ಕಾಗ್ದ ಓದೀವಂತೆ."

"ನಾನು ಸರ್ಕಾರಿ ನೌಕರ ಕಣ್ರೀ!"

"ಸರ್ಕಾರಿ ನೌಕರಂಗೆ ಹೆಗಲಿಲ್ವಾ?"

ಪಾಪ, ಕೊಟ್ಟ. ಹೆಣ ಹೊತ್ತವನು ತಲೆಗೆ ನೀರು ಹಾಕಿಕೊಳ್ಳದೆ ಯಾರಿಗೂ ಏನನ್ನೂ ಕೊಡುವಂತಿಲ್ಲವಲ್ಲ! ಮಿಂದವನು ನೋಟಿಸಿನ ನೆನಪೂ ಇಲ್ಲದೆ ಒದ್ದೆ ಬಟ್ಟೆಯಲ್ಲಿ ನಡುಗುತ್ತಾ ಬಸ್ಸು ಹತ್ತಿದ. ನೋಟಿಸು ತಲುಪಿದ್ದು ಮಾರನೆಯ ದಿನ.

"ಬೇಷರತ್ತಾಗಿ ತಪ್ಪೊಪ್ಪಿಕೊಂಡರೆ ಸಾಕು" ಎಂದಿದ್ದರು ದೊಡ್ಡಪ್ಪನ ಪರ ವಕೀಲರು. ದೊಡ್ಡಪ್ಪನಿಗೆ ಗೊತ್ತಿದ್ದ ತಪ್ಪೊಪ್ಪಿಗೆ ಒಂದೇ, ದೇವರಿಗೆ ಕಟ್ಟುವ ತಪ್ಪುಕಾಣಿಕೆ. ಒಗೆದ ಪಂಚೆ ಉಟ್ಟು, ತೆಂಗಿನಕಾಯಿ, ವೀಳ್ಯದೆಲೆ, ಅರಿಶಿನದ ಬಟ್ಟೆಯಲ್ಲಿ ಗಂಟು ಹಾಕಿದ ಕಾಸಿನೊಂದಿಗೆ ಬೆಂಗಳೂರಿಗೆ ಹೊರಟರು. ಜೊತೆಗೆ ನಾನಿದ್ದೆ. ಕಾಯಿಯನ್ನು ಬಾಗಿಲಲ್ಲೇ ಪೊಲೀಸರು ಇಟ್ಟುಕೊಂಡರು. ಗಂಟು ಒಳಗೆ ಬಂತು.

"ಕೈಯಲ್ಲೇನದು?" ಎಂದರು ನ್ಯಾಯಾಧೀಶರು.

"ತಪ್ಪುಕಾಣಿಕೆ ಸ್ವಾಮಿ."

"ಎರಡು ಗಂಟು ಯಾಕಿದೆ?"

"ಒಂದು ಆಗಿರೋ ತಪ್ಪಿಗೆ. ಇನ್ನೊಂದು ಮುಂದಕ್ಕೆ ಆಗೋದಕ್ಕೆ. ಪದೇ ಪದೇ ಇಷ್ಟು ದೂರ ಬರಾಕಾಯ್ತದಾ ಸ್ವಾಮಿ?"

ವಕೀಲರು ಹಣೆ ಚಚ್ಚಿಕೊಂಡರು. ನ್ಯಾಯಾಧೀಶರು ನಗಲಿಲ್ಲ. ವಯಸ್ಸು ನೋಡಿ ಒಂದು ಅವಕಾಶ ಕೊಟ್ಟಿದ್ದೇನೆ, ಇನ್ನೊಮ್ಮೆ ಮೀರಿದರೆ ಜೈಲು ಎಂದರು. ಆಚೆ ಬೆಂಚಿನಲ್ಲಿ ಅಪ್ಪ ನೆಲ ನೋಡುತ್ತಾ ಕೂತಿದ್ದರು.

ಎಂಟನೆಯ ದಿನಕ್ಕೆ ಕೂಲಿಯವರ ಶೆಡ್ಡಿನಲ್ಲಿ ಒಂದು ಕೂಸು ಹೋಯಿತು. ತಾಯಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದೊಡ್ಡಪ್ಪನ ಬಾಗಿಲಿಗೆ ಬಂದಳು. ಅವಳ ಭಾಷೆ ಇವರಿಗೆ ಬಾರದು. ಬರಬೇಕಾದದ್ದೇನಿತ್ತು? ಮಣ್ಣು ಮಾಡಿ, ಸ್ನಾನ ಮಾಡಿ, ಕಂಬಳಿ ಹೆಗಲಿಗೆ ಹಾಕಿಕೊಂಡು ನೇರ ಪೊಲೀಸ್ ಠಾಣೆಗೆ ಹೋದರು.

"ಮೀರ್ಬುಟ್ಟಿವ್ನಿ. ಒಳಗಾಕಿ."

"ಹಂಗೆಲ್ಲ ಹಾಕಕ್ಕಾಗಲ್ಲ ಯಜಮಾನ್ರೇ, ಕೋರ್ಟು ಹೇಳ್ಬೇಕು."

"ಕಂಬ್ಳಿ ತಂದಿವ್ನಲ್ಲಪ್ಪಾ!"

ಪೊಲೀಸರು ಟೀ ಕುಡಿಸಿ ಬಸ್ಸು ಹತ್ತಿಸಿದರು. "ಜೈಲಿಗೂ ಬ್ಯಾಡ್ವಾದೆ ಕಣ್ಲಾ" ಎಂದು ದೊಡ್ಡಪ್ಪ ಎರಡು ದಿನ ನನ್ನೆದುರು ಗೊಣಗಿದರು.

ಮುಂದಿನ ವಾಯಿದೆಗೆ ಮೂರು ದಿನ ಇರುವಾಗ ಬೆಳಿಗ್ಗೆ ಜಗುಲಿಯಲ್ಲಿ ಕೂತವರು ಏಳಲಿಲ್ಲ. ಅವರೇ ಇಲ್ಲದ ಮೇಲೆ ನಿಂದನೆಯ ಅರ್ಜಿ ಮುಗಿದಂತೆ ಎಂದರು ವಕೀಲರು. ನೆಲದ ಮೇಲಿನ ಆಜ್ಞೆ ಮಾತ್ರ ಹಾಗೇ ಇತ್ತು.

ನಮಗೇನು ಹೊಲವಿರಲಿಲ್ಲವೇ? ತಾತನ ಪಕ್ಕದಲ್ಲೇ ಜಾಗ ಗುರುತು ಮಾಡಿದ್ದೆವು. ಚಟ್ಟ ಹೊತ್ತವರು ಹೊಲದ ದಾರಿ ಹಿಡಿದರು. ಮುಂದೆ ಮಡಕೆ ಹಿಡಿದಿದ್ದ ಅಪ್ಪ ರಸ್ತೆಯ ಕಡೆಗೆ ತಿರುಗಿಬಿಟ್ಟರು.

"ಲೇ, ಆ ಕಡೆಗೆ ಕೋರ್ಟ್ ಆರ್ಡ್ರು ಐತಲ್ಲಾ!" ಎಂದರು ಹಿಂದಿನಿಂದ ಯಾರೋ.

"ಗೊತ್ತೈತೆ ಕಣ್ಲಾ. ತಂದೋನೇ ನಾನು."

ಆ ಕೂಸಿನ ಹಸಿ ಮಣ್ಣಿನ ಪಕ್ಕದಲ್ಲಿ ಮಡಕೆ ಇಳಿಸಿ ಅಪ್ಪ ಹಾರೆ ತೆಗೆದುಕೊಂಡರು. ಯಾರು ಕೇಳಿದರೂ ಕೊಡಲಿಲ್ಲ. ಸೊಂಟದವರೆಗೆ ಇಳಿದ ಮೇಲೆ ಕೈ ನಿಲ್ಲಿಸಿ ನನ್ನತ್ತ ತಲೆಯೆತ್ತಿದರು.

"ಇನ್ನೂ ಎಷ್ಟು ಆಳ ತೋಡ್ಬೇಕ್ಲಾ?"

ಅದು ಗೊತ್ತಿದ್ದವರು ನಮ್ಮಲ್ಲಿ ಒಬ್ಬರೇ. ನಾನು ಚಟ್ಟದ ಕಡೆ ನೋಡಿದೆ. ಅಪ್ಪನೂ ನೋಡಿದರು.