ಅತ್ತೆ ಕಣ್ಣು ಮುಚ್ಚಿ ನೋಡಿದ ತೊಲೇದೊ

ನಮ್ಮ ಅತ್ತೆಯವರಷ್ಟು ಊರು ಸುತ್ತಿದವರು ಕ್ರಾನ್‌ಬರ್ನ್‌ನ ನಮ್ಮ ಬೀದಿಯಲ್ಲಿ ಇನ್ನೊಬ್ಬರಿಲ್ಲ. ಆ ಊರುಗಳನ್ನೆಲ್ಲ ಅವರು ನೋಡಿದ್ದಾರೆಯೇ ಎಂದು ಮಾತ್ರ ಕೇಳಬೇಡಿ. ಅತ್ತೆ ಹೋದಲ್ಲೆಲ್ಲ ನಿದ್ದೆ ಮಾಡುತ್ತಾರೆ.

ಒಮ್ಮೆ ನಾವಿರುವ ಈ ದೇಶದ್ದೇ ಆದ ಸಿಡ್ನಿಗೆ ಕರೆದುಕೊಂಡು ಹೋದೆವು. ಫೆರಿ ಹತ್ತಿದ ಕೂಡಲೇ ಕಣ್ಣು ಮುಚ್ಚಿದವರು, ಒಪೆರಾ ಹೌಸ್ ಎದುರಿಗೆ ಬಂದು, ಪಕ್ಕಕ್ಕೆ ಸರಿದು, ಹಿಂದೆ ಉಳಿದರೂ ತೆರೆಯಲಿಲ್ಲ. ದೋಣಿಯಲ್ಲಿದ್ದವರೆಲ್ಲ ಎದ್ದು ನಿಂತು ಫೋಟೋ ತೆಗೆಯುತ್ತಿದ್ದರೆ ಇವರು ಪಕ್ಕದಲ್ಲಿದ್ದ ಅಪರಿಚಿತ ಹೆಂಗಸಿನ ಹೆಗಲಿಗೆ ತಲೆಯಾನಿಸಿಬಿಟ್ಟಿದ್ದರು. "ಅಜ್ಜಿ ಈಸ್ ಚಾರ್ಜಿಂಗ್" ಎಂದಳು ನನ್ನ ಮಗಳು. ದಡ ಸೇರಿದ ಮೇಲೆ ಎಬ್ಬಿಸಿದರೆ, "ಬಿಳಿ ಬಿಳಿ ದೊಡ್ಡ ಹಕ್ಕಿಗಳು ನೀರಿನ ಬದಿಯಲ್ಲಿ ಕೂತು ರೆಕ್ಕೆ ಒಣಗಿಸ್ತಾ ಇದ್ದವು ಮಾರಾಯ್ತಿ, ಎಷ್ಟು ಚಂದ" ಎಂದರು. ನಾನು ಒಪೆರಾ ಹೌಸಿನ ಕಡೆ ತಿರುಗಿ ನೋಡಿದೆ.

ಇಂಥವರನ್ನು ಸ್ಪೇನಿಗೆ ಕರೆದುಕೊಂಡು ಹೋಗುವ ಭಾಗ್ಯ ಕಳೆದ ವಸಂತದಲ್ಲಿ ನನ್ನ ಪಾಲಿಗೆ ಬಂತು. ನನ್ನ ಗಂಡನಿಗೆ ಮ್ಯಾಡ್ರಿಡ್‌ನಲ್ಲಿ ಆಫೀಸಿನ ಕೆಲಸ. ಮಗಳಿಗೆ ಪರೀಕ್ಷೆ, ಅವಳು ಗೆಳತಿಯ ಮನೆಯಲ್ಲಿ ಉಳಿದಳು. "ನೀನೂ ಅಮ್ಮನೂ ತೊಲೇದೊ ನೋಡ್ಕೊಂಡು ಬನ್ನಿ, ಹಳೇ ಊರು, ತುಂಬಾ ಚೆನ್ನಾಗಿದೆಯಂತೆ" ಎಂದು ಅವರು ನಮ್ಮಿಬ್ಬರನ್ನು ರೈಲು ಹತ್ತಿಸಿದರು. ಅತ್ತೆ ಸೊಸೆ ಇಬ್ಬರೇ ಪರದೇಶದ ಒಂದೇ ಕೋಣೆಯಲ್ಲಿ ಇರುವುದೆಂದರೆ ಸಾಮಾನ್ಯವೇ? ಒಂದೇ ಸೂರಿನಡಿ ಇದ್ದರೂ ನಾವಿಬ್ಬರೂ ಅಡುಗೆ, ಬಟ್ಟೆ, ಮಾತ್ರೆಗಳಾಚೆಗೆ ಹೆಚ್ಚು ಮಾತಾಡಿದವರಲ್ಲ.

ತೊಲೇದೊ ಎಚ್ಚರವಿದ್ದವರಿಗೂ ಕನಸಿನಂತೆ ಕಾಣುವ ಊರು. ಬೆಟ್ಟದ ಮೇಲೆ ಕೋಟೆ, ಅದನ್ನು ಮೂರು ಕಡೆಯಿಂದ ಬಳಸಿ ಹರಿಯುವ ನದಿ. ಒಳಗೆ ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಓಣಿಗಳು. ಒಂದು ತಿರುವಿನಲ್ಲಿ ಗಂಟೆಯ ಸದ್ದು, ಇನ್ನೊಂದರಲ್ಲಿ ಬಾದಾಮಿ ಮಿಠಾಯಿ ಬೇಯುವ ಪರಿಮಳ. ನಡೆಯುತ್ತ ನಡೆಯುತ್ತ ನಾವು ಯಾವ ಶತಮಾನದಲ್ಲಿದ್ದೇವೆ ಎನ್ನುವುದೇ ಮರೆತುಹೋಗುತ್ತದೆ.

ಮೊದಲು ದೊಡ್ಡ ಇಗರ್ಜಿಗೆ ಹೋದೆವು. ನಾನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಂದೊಂದೇ ಕಂಬದ ಚರಿತ್ರೆ ಕೇಳುತ್ತ ಮುಂದೆ ಹೋದೆ. ತಿರುಗಿ ಬರುವಷ್ಟರಲ್ಲಿ ಅತ್ತೆ ಬೆಂಚಿನ ಮೇಲೆ ಕೈಮುಗಿದು, ತಲೆ ತಗ್ಗಿಸಿ ಕೂತಿದ್ದರು. ಕಾವಲಿನವನು ಅವರ ಭಕ್ತಿಗೆ ಮಾರುಹೋಗಿ, ಗಲಾಟೆ ಮಾಡುತ್ತಿದ್ದ ಪ್ರವಾಸಿಗರಿಗೆ ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದ. ಸದ್ದು ನಿಂತಿತು. ನಿಂತ ಕೂಡಲೇ ಅತ್ತೆಗೆ ಎಚ್ಚರವಾಯಿತು.

"ಮೇಲಿಂದ ಒಂದು ಟೊಪ್ಪಿ ನನ್ನ ತಲೆ ಮೇಲೆ ಬಿತ್ತು. ಅಳತೆ ಸರೀ ಇತ್ತು" ಎಂದರು.

ನಾನು ಕತ್ತೆತ್ತಿ ನೋಡಿದೆ. ಅಷ್ಟೆತ್ತರದ ಚಾವಣಿಯಿಂದ ನಿಜಕ್ಕೂ ಹಳೆಯ ಟೊಪ್ಪಿಯೊಂದು ನೇತಾಡುತ್ತಿತ್ತು. ಸತ್ತುಹೋದ ಧರ್ಮಗುರುಗಳ ಟೊಪ್ಪಿಗಳನ್ನು ಅವರ ಸಮಾಧಿಯ ಮೇಲೆ ಹೀಗೆ ತೂಗುಹಾಕುತ್ತಾರಂತೆ. ಟೊಪ್ಪಿ ಜೀರ್ಣವಾಗಿ ಉದುರಿದ ದಿನ ಅವರಿಗೆ ಸ್ವರ್ಗವಂತೆ. ಅತ್ತೆಗೆ ಹೇಳಿದೆ. "ಹಾಗಾದ್ರೆ ಪಾಪ, ಯಾರಿಗೋ ಇವತ್ತು ಬಿಡುಗಡೆ ಆಯ್ತು" ಎಂದು ಮಂಡಿ ಹಿಡಿದುಕೊಂಡು ಎದ್ದರು.

ಮಧ್ಯಾಹ್ನ ಊರಿಗೆ ಊರೇ ಬಾಗಿಲೆಳೆದುಕೊಂಡಿತು. ಇಲ್ಲಿನವರು ಉಂಡು ಮಲಗುವ ಹೊತ್ತು ಎಂದೆ. ಅತ್ತೆಯ ಮುಖ ಅರಳಿತು. "ಬುದ್ಧಿವಂತರ ದೇಶ" ಎಂದರು. ಆದರೆ ಕೋಣೆಗೆ ಬಂದು ಮಂಚ ತೋರಿಸಿದರೆ ಮಲಗಲೊಲ್ಲರು. ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಖಾಲಿ ಓಣಿಯನ್ನು ನೋಡುತ್ತ ಕೂತರು. ಜಗತ್ತು ಎದ್ದಿರುವಾಗ ಮಲಗುವವರು, ಜಗತ್ತು ಮಲಗಿದಾಗ ಏಳುತ್ತಾರೆ. ಇಂಥವರನ್ನು ಏನೆಂದು ತಿಳಿಯಬೇಕು?

ಮರುದಿನ ಹತ್ತಿರದ ಕೊನ್ಸುಯೆಗ್ರಾ ಎಂಬ ಊರಿನ ಗಾಳಿಗಿರಣಿಗಳನ್ನು ನೋಡಲು ಹೋದೆವು. ಕೇಸರಿ ಮಣ್ಣಿನ ಬಯಲಿನ ನಡುವೆ ಒಂದು ಉದ್ದನೆಯ ದಿಬ್ಬ, ಅದರ ನೆತ್ತಿಯ ಮೇಲೆ ಸಾಲಾಗಿ ಬಿಳಿಯ ಗಿರಣಿಗಳು. ಅತ್ತೆ ಒಂದರ ಗೋಡೆಗೆ ಒರಗಿದವರೇ ಗೊರಕೆ ಶುರುಮಾಡಿದರು. ನಾನು ಒಳಗೆ ಹೋಗಿ ಹಲ್ಲುಚಕ್ರ ನೋಡಿ ಬರುವಷ್ಟರಲ್ಲಿ ಅವರ ಅಕ್ಕಪಕ್ಕ ಇಬ್ಬರು ಸ್ಪೇನಿನ ಅಜ್ಜಿಯರು ಕೂತು ಪಟಪಟ ಹರಟುತ್ತಿದ್ದರು. ಒಬ್ಬಾಕೆ ತನ್ನ ಶಾಲನ್ನು ಅತ್ತೆಗೆ ಹೊದೆಸಿದ್ದಳು. ಆ ಅಜ್ಜಿಯರು ಶಾಲು ತೆಗೆದುಕೊಂಡು ಎದ್ದು ಹೊರಟ ಮರುಗಳಿಗೆ ಅತ್ತೆ ಕಣ್ಣು ಬಿಟ್ಟರು.

"ಎಂತಕ್ಕೆ ಹೋದ್ರು ಅವ್ರು? ಒಳ್ಳೆ ಮಾತಾಡ್ತಾ ಇದ್ರು."

"ನಿಮಗೆ ಸ್ಪ್ಯಾನಿಶ್ ಬರುತ್ತಾ ಅತ್ತೆ?"

"ಮಾತು ತಿಳಿದ್ರೆ ನಿದ್ದೆ ಹೇಗೆ ಬರುದು?"

ನಾನು ನಕ್ಕುಬಿಟ್ಟೆ. ಆದರೆ ಆ ದಿನ ಬೆಳಿಗ್ಗೆ ಕಂಡದ್ದು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಕೋಣೆಯಲ್ಲಿ ಅವರ ಹಾಸಿಗೆಯ ಮಡಿಕೆ ಒಂದಿಷ್ಟೂ ಕೆಟ್ಟಿರಲಿಲ್ಲ.

ಸಂಜೆ ತೊಲೇದೊಗೆ ಮರಳಿ, ಹೊಳೆಯ ಆಚೆ ದಡದ ಗುಡ್ಡಕ್ಕೆ ಬಸ್ಸಿನಲ್ಲಿ ಹೋದೆವು. ಅಲ್ಲಿಂದ ತೊಲೇದೊ ಇಡಿಯಾಗಿ ಕಾಣುತ್ತದೆ. ಕಲ್ಲುಕಟ್ಟೆಯ ಮೇಲೆ ಕೂತೆವು. ಬಿಸಿಲು ಜೇನಿನ ಬಣ್ಣಕ್ಕೆ ತಿರುಗಿ ಗೋಪುರಗಳ ಮೇಲಿಂದ ನಿಧಾನವಾಗಿ ಇಳಿಯುತ್ತಿತ್ತು. ಸುತ್ತ ಯಾರೂ ಇರಲಿಲ್ಲ, ಸದ್ದೂ ಇರಲಿಲ್ಲ. ಅತ್ತೆ ಪೂರ್ತಿ ಎಚ್ಚರವಾಗಿದ್ದರು.

"ರಾತ್ರಿ ನಿಮಗೆ ನಿದ್ದೆ ಬರಲ್ವಾ ಅತ್ತೆ?" ಎಂದು ಕೇಳಿದೆ.

"ಊರಲ್ಲಿ ನಮ್ಮದು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಲ್ವಾ. ಮದುವೆಯಾಗಿ ಬಂದಾಗಿಂದ ಮಾಳಿಗೆಯಲ್ಲೇ ಮಲಗಿದ್ದು. ಕೆಳಗೆ ತಟ್ಟೆ ಲೋಟದ ಸದ್ದು, ಜನರ ಮಾತು, ಕಂಡಕ್ಟರ್ 'ಕುಂದಾಪುರ, ಕುಂದಾಪುರ' ಅಂತ ಕೂಗುದು. ಮೊದಮೊದಲು ನಿದ್ದೆಯೇ ಬರ್ತಿರ್ಲಿಲ್ಲ. ಆಮೇಲೆ ಅದಿಲ್ಲದೆ ಬರ್ತಿರ್ಲಿಲ್ಲ. ನಿನ್ನ ಮಾವ ಹೋದ್ರು, ಹೋಟೆಲು ಮುಚ್ಚಿತು, ನಿಮ್ಮಲ್ಲಿಗೆ ಬಂದೆ. ನಿಮ್ಮ ಮನೆ ಒಳ್ಳೆದುಂಟು. ಆದ್ರೆ ಬಾಗಿಲು ಹಾಕಿದ್ರೆ ಒಂದು ಸದ್ದಿಲ್ಲ ಮಾರಾಯ್ತಿ. ಅವ್ರ ಗೊರಕೆ ಕೂಡ ಇಲ್ಲ. ಕಣ್ಣು ಬಿಟ್ಕೊಂಡು ಬೆಳಗು ಮಾಡುದು."

"ನಮ್ಮತ್ರ ಹೇಳ್ಬಾರದಿತ್ತಾ?"

"ಎಂತ ಹೇಳುದು? ಗಲಾಟೆ ಮಾಡಿ ಅಂತ ಹೇಳ್ಲಿಕ್ಕಾಗ್ತದಾ?"

ಸುಮ್ಮನೆ ಮಾತಾಡತೊಡಗಿದೆ. ಎದುರಿನ ಕೋಟೆಯ ಬಗ್ಗೆ, ಸೇತುವೆಯ ಬಗ್ಗೆ, ನನ್ನ ಆಫೀಸಿನ ಮ್ಯಾನೇಜರ್ ಬಗ್ಗೆ, ಮಗಳು ಚಪಾತಿ ಸುಟ್ಟ ಕಥೆ, ನನ್ನ ಅಮ್ಮ ಮಾಡುತ್ತಿದ್ದ ಗೊಜ್ಜಿನ ಕಥೆ. ಅವರ ತಲೆ ಮೆಲ್ಲಗೆ ನನ್ನ ಹೆಗಲಿಗೆ ವಾಲಿತು. ಮಾತು ನಿಲ್ಲಿಸಿದರೆ ಎಚ್ಚರವಾದೀತೆಂಬ ಹೆದರಿಕೆಗೆ ನಿಲ್ಲಿಸಲೇ ಇಲ್ಲ.

ಊರಿನ ದೀಪಗಳು ಒಂದೊಂದೇ ಹೊತ್ತಿಕೊಂಡವು. ನಾವು ಹತ್ತಬೇಕಾದ ಬಸ್ಸು ಬಂದು ನಿಂತು, ಕಾದು, ಹೊರಟುಹೋಯಿತು. ನನ್ನಲ್ಲಿದ್ದ ಕಥೆಗಳೆಲ್ಲ ಮುಗಿದವು. ಕೊನೆಗೆ ನಮ್ಮ ಮನೆಯ ಕಡೆಗೆ ಹೋಗುವ ರೈಲಿನ ಸ್ಟೇಷನ್ನುಗಳ ಹೆಸರನ್ನೇ, ಆದಷ್ಟು ಕಂಡಕ್ಟರನ ರಾಗದಲ್ಲಿ, ಹೇಳುತ್ತ ಕೂತೆ:

"ಡ್ಯಾಂಡಿನಾಂಗ್, ಡ್ಯಾಂಡಿನಾಂಗ್... ಲಿನ್‌ಬ್ರೂಕ್... ಮೆರಿಂಡಾ ಪಾರ್ಕ್... ಕ್ರಾನ್‌ಬರ್ನ್, ಕ್ರಾನ್‌ಬರ್ನ್..."