ಬೇಳೆಗೆ ಕೊಂಡಿ ಹಾಕಿಕೊಂಡ ಗುಳಿಗೆ

ನನಗಾಗ ಅರವತ್ತೇಳು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ಇಳಕಲ್ಲಿನಲ್ಲಿ ನನ್ನ ಮೈದುನನಷ್ಟು ಶಾಣ್ಯಾ ಇನ್ನೊಬ್ಬನಿಲ್ಲ. ಹೀಗೆಂದವರು ಯಾರು? ಅವನೇ!

ಸೀರೆ ನೇಯುವವನು. ಕೈ ಮಗ್ಗದಲ್ಲಿದ್ದರೆ ತಲೆ ಇನ್ನೆಲ್ಲೋ. ಒಮ್ಮೆ ಬಾದಾಮಿಗೆ ಹೋಗುವಾಗ, ಮಂಗಗಳು ತಮ್ಮ ಮುಖ ನೋಡಿ ಹೆದರಲಿ ಎಂದು ಕನ್ನಡಿ ಹಿಡಿದುಕೊಂಡು ಹೋದ. ಮಂಗ ಕನ್ನಡಿಯನ್ನೇ ಕಸಿದುಕೊಂಡು ಗುಡ್ಡ ಹತ್ತಿತು. “ಪಾಪ, ಅದೂ ಮಾರಿ ನೋಡ್ಕೋಬೇಕಲ್ರಿ ವೈನಿ!” ಎಂದ. ಅಣ್ಣನ ಹೆಂಡತಿ ನಾನು, ಅವನಿಗೆ ವೈನಿ.

ಆ ವರ್ಷ ನನ್ನ ಹಣೆಯ ಮೇಲೆ ಸರ್ಪಸುತ್ತು ಎದ್ದು ಬಲಗಣ್ಣಿನ ಹತ್ತಿರ ಬಂತು. ಓಣಿಯವರು ಕೆಮ್ಮಣ್ಣು ಹಚ್ಚಿ ಎಂದರು. ಇವನು ಕೇಳಲಿಲ್ಲ, ಅದೇ ದಿನ ಬಸ್ಸು ಹತ್ತಿಸಿ ಬಾಗಲಕೋಟೆಯ ದವಾಖಾನೆಗೆ ಕರೆದೊಯ್ದ. ಡಾಕ್ಟರಬಾಯಿ, “ಕಣ್ಣಿಗೆ ಇಳದ್ರ ದೃಷ್ಟಿ ಹೋಗಬಹುದ್ರಿ,” ಎಂದು ದಿನಕ್ಕೆ ಐದು ಸಲ ನುಂಗುವ ಗುಳಿಗೆ ಬರೆದರು.

ಐದು ಸಲ ಯಾಕೆ? ಇವನು ಕೇಳದೆ ಬಿಟ್ಟಾನೆಯೇ!

“ರಕ್ತದಾಗ ಪ್ರೋಟೀನ್ ಇರತಾವ್ರಿ. ಔಷಧ ಅದಕ್ಕ ಅಂಟಿಕೊಂಡು ಕುಂತ್ರ ಕೆಲಸ ಮಾಡಂಗಿಲ್ಲ. ಬಿಡಿಯಾಗಿ ಇದ್ದದ್ದಷ್ಟ ವೈರಸ್ಸಿನ ಮ್ಯಾಲೆ ಹೋಗತೈತಿ...” ಎಂದು ಅವರು ಶುರು ಮಾಡಿದರು. ಪೂರ್ತಿ ಕೇಳುವ ತಾಳ್ಮೆ ಇವನಿಗೆಲ್ಲಿಯದು? ಅಷ್ಟಕ್ಕೇ ಎದ್ದುಬಿಟ್ಟ.

ಮನೆಗೆ ಬಂದವನೇ ನನ್ನ ಬೇಳೆ, ಹಾಲು, ಮೊಸರು, ಶೇಂಗಾ ಎಲ್ಲವನ್ನೂ ತನ್ನ ಮನೆಗೆ ಸಾಗಿಸಿದ!

“ಅಲ್ಲೋ, ನಾ ಏನು ತಿನ್ನಲಿ?”

“ರೊಟ್ಟಿ, ಉಪ್ಪು, ಖಾರ. ಬ್ಯಾಳ್ಯಾಗ ಪ್ರೋಟೀನ್ ಐತ್ರಿ ವೈನಿ. ಮಗ್ಗದಾಗ ಸೆರಗಿನ ಎಳಿಗೆ ಸೀರಿ ಮೈ ಎಳಿ ಕೊಂಡಿ ಹಾಕಿದ್ರ ಬಿಚ್ಚತೈತೇನು? ಗುಳಿಗಿನೂ ಹಂಗ ಬ್ಯಾಳಿಗೆ ಕೊಂಡಿ ಹಾಕ್ಕೊಂಡು ಕುಂದರತೈತಿ. ಆಮ್ಯಾಲೆ ಕಣ್ಣ ಯಾರು ಕಾಯಬೇಕು?”

ಕಣ್ಣು ಹೋದೀತೆಂಬ ಹೆದರಿಕೆ ನನಗೂ ಇತ್ತು. ಸುಮ್ಮನೆ ತಿಂದೆ. ಎಂಟನೆಯ ದಿನ ಮತ್ತೆ ಡಾಕ್ಟರಬಾಯಿಯ ಮುಂದೆ ಕುಳಿತಾಗ ನನ್ನ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಇವನು ಎದೆ ಉಬ್ಬಿಸಿ ತನ್ನ ಪಥ್ಯದ ವರದಿ ಒಪ್ಪಿಸಿದ. ಅವರು ಹಣೆ ಚಚ್ಚಿಕೊಂಡರು.

“ಕಾಕಾ, ರಕ್ತದ ಪ್ರೋಟೀನ್ ಲಿವರ್ ಮಾಡತೈತಿ, ನಿನ್ನಿ ಉಂಡ ಬ್ಯಾಳಿ ಹೋಗಿ ಅಲ್ಲಿ ಕುಂದ್ರೂದಿಲ್ಲ. ಅಂಟಿದ್ದೂ ಗಟ್ಟಿ ಕೊಂಡಿ ಅಲ್ರಿ, ಬಿಡತೈತಿ, ಮತ್ತ ಅಂಟತೈತಿ. ಈ ಗುಳಿಗಿ ಅಂತೂ ಅಂಟೂದ ಕಡಿಮಿ. ಬಿಡಿಯಾಗಿ ಇರತೈತಿ, ಮೂತ್ರದಾಗ ಲಗೂನ ಹೋಗಿಬಿಡತೈತಿ. ಅದಕ್ಕ ಐದು ಸಲ!”

“ಅಂದ್ರ, ಬ್ಯಾಳಿ ತಿನ್ನಬಹುದಿತ್ತು?” ಎಂದೆ.

“ತಿನ್ನಲೇಬೇಕಿತ್ರಿ ಅಮ್ಮ.”

ಇವನು ಮೇಲೆ ನೋಡಿದ. ಫ್ಯಾನು ಬಹಳ ಚೆನ್ನಾಗಿತ್ತೇನೋ!

ಅವರು ನನ್ನ ಬಲಗಣ್ಣಿಗೆ ಬೆಳಕು ಬಿಟ್ಟು ನೋಡಿ, “ಕಣ್ಣಿಗೇನೂ ಆಗಿಲ್ಲ. ಮೊದಲ ದಿನಾನ ಬಂದಿದ್ದಕ್ಕ ಉಳೀತು,” ಎಂದರು.

ಊರು ಮುಟ್ಟಿದ ಮೇಲೆ ನಾನು ನೆಟ್ಟಗೆ ಅವನ ಮನೆಗೇ ಹೋದೆ, ಬೇಳೆ ತರಲು ಮತ್ತು ಮನಸಾರೆ ಬೈಯಲು. ಅವನ ಹೆಂಡತಿ ಅಡುಗೆಮನೆಯಲ್ಲಿದ್ದ ಒಂದು ಬುಟ್ಟಿ ತೋರಿಸಿದಳು. ಬುಟ್ಟಿ ತುಂಬ ಕರಕಲು ರೊಟ್ಟಿ, ಒಂದೂ ದುಂಡಗಿಲ್ಲ.

“ಎಂಟು ದಿನ ಇವರು ಒಂದ ಕಣ್ಣಿಗೆ ಅರಿವಿ ಪಟ್ಟಿ ಕಟ್ಟಿಕೊಂಡು ರೊಟ್ಟಿ ಬಡದಾರ್ರಿ ಅಕ್ಕಾ. ವೈನಿ ಕಣ್ಣು ಹೋದ್ರ ಒಂದ ಕಣ್ಣಿನಾಗ ರೊಟ್ಟಿ ಬಡಿಯೂದು ಕಲಿಸಬೇಕು, ಅದಕ್ಕ ಮೊದಲ ನಾ ಕಲೀತೇನಿ ಅಂತ.”

ಅವನ ಕೈ ಹಿಡಿದು ತಿರುಗಿಸಿ ನೋಡಿದೆ. ಬೆರಳಿನ ತುದಿಗೆಲ್ಲ ಬೊಬ್ಬೆ. ಬೈಯಲು ಬಂದವಳು ಕೊಬ್ಬರಿ ಎಣ್ಣೆ ಹುಡುಕಿ ಹಚ್ಚಿದೆ.

ಮರುದಿನ ಬೆಳಿಗ್ಗೆ ಅವನನ್ನು ಒಲೆಯ ಮುಂದೆ ಕೂರಿಸಿಕೊಂಡು, ಎರಡೂ ಕಣ್ಣು ಬಿಟ್ಟು ರೊಟ್ಟಿ ಬಡಿಯುವುದನ್ನು ಕಲಿಸಿದೆ.